ಭಟ್ಟಿಯಪ್ಪನ ರಾಶಿಗೆ ಕಾವು ಬಂದದ್ದು

ಬೇಕರಿಯ ಒಲೆಯ ಮುಂದೆ ಆಯುಷ್ಯದ ಮುಕ್ಕಾಲು ಪಾಲು ಕಳೆದವನಿಗೆ ಒಂದು ದಿನ ಡಾಕ್ಟರು, “ಇನ್ನು ನಿಮ್ಮ ಬಲಗೈ ಭುಜಕ್ಕಿಂತ ಮೇಲೆ ಏಳಕೂಡದು” ಎಂದುಬಿಟ್ಟರೆ ಅವನು ಏನು ಮಾಡಬೇಕು? ಭಟ್ಟಿಯಪ್ಪ ಮೊದಲು ಡಾಕ್ಟರನ್ನೇ ಬದಲಾಯಿಸಿದ. ಎರಡನೆಯ ಡಾಕ್ಟರು ಅದನ್ನೇ ಹೇಳಿ, ಹಿಟ್ಟಿನ ಮೂಟೆಯನ್ನೂ ಮುಟ್ಟಬಾರದು ಎಂದು ಮೇಲೊಂದು ಸೇರಿಸಿದರು. ಮೂರನೆಯವರ ಹತ್ತಿರ ಹೋದರೆ ಇನ್ನೇನನ್ನು ಬಿಡಿಸುತ್ತಾರೋ ಎಂದು ಹೆದರಿ ಅವನು ಸುಮ್ಮನಾದ. ಒಲೆ, ತಟ್ಟೆಗಳು, ಗಲ್ಲಾಪೆಟ್ಟಿಗೆ, ಮುಂಬಾಗಿಲ ಬೀಗದ ಕೈ ಎಲ್ಲವನ್ನೂ ಮಗಳಿಗೆ ಒಪ್ಪಿಸಿದ. ಒಪ್ಪಿಸುವಾಗ ಅವನ ಕಣ್ಣು ಒದ್ದೆಯಾಗಿತ್ತು ಎಂದು ಹೆಂಡತಿ ಹೇಳುತ್ತಾಳೆ. ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಿದ್ದರು ಎಂದು ಅವನು ಹೇಳುತ್ತಾನೆ.

ಬೇಕರಿಯ ಆ ದೊಡ್ಡ ಒಲೆಗೆ ಬೀದಿಯವರೆಲ್ಲ ಭಟ್ಟಿ ಎನ್ನುತ್ತಿದ್ದರು. ವರ್ಷಗಟ್ಟಲೆ ಅದರ ಮುಂದೆ ನಿಂತು ನಿಂತು ಅದರ ಹೆಸರೇ ಅವನಿಗೂ ಅಂಟಿಕೊಂಡಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಕರೆಂಟಿನ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು.

ಬೇಕರಿಯನ್ನು ಕೊಟ್ಟನೇ ಹೊರತು ಬೇಕರಿಗೆ ಹೋಗುವುದನ್ನು ಅವನು ಬಿಡಲಿಲ್ಲ. ಬಿಡುವುದಾದರೂ ಹೇಗೆ? ಮುಂದೆ ಬೇಕರಿ, ನಡುವೆ ಮನೆ, ಹಿಂದೆ ಹಿತ್ತಲು. ಮಲಗುವ ಕೋಣೆಯಿಂದ ಎದ್ದು ಬಲಕ್ಕೆ ತಿರುಗಿದರೆ ಬಚ್ಚಲು, ಎಡಕ್ಕೆ ತಿರುಗಿದರೆ ಹಿಟ್ಟು ನಾದುವ ಮೇಜು. ಅವನ ಕಾಲು ತಾನಾಗಿ ಎಡಕ್ಕೆ ತಿರುಗುತ್ತಿತ್ತು. ಅಲ್ಲಿ ಹೋಗಿ ಹಿಟ್ಟನ್ನು ಬೆರಳಿಂದ ಚುಚ್ಚಿ “ಹೂಂ” ಎನ್ನುವನು. ಆ “ಹೂಂ” ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆ ಕೆಲಸದವರು ಕೈಕಟ್ಟಿ ನಿಲ್ಲುವರು. ಮಗಳು ಮೊದಮೊದಲು ನಕ್ಕಳು. ಆಮೇಲೆ ಹಲ್ಲು ಕಚ್ಚಿಕೊಂಡು ನಕ್ಕಳು. ಆಮೇಲೆ ಬರೀ ಹಲ್ಲು ಕಚ್ಚತೊಡಗಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳು ಹಿಟ್ಟಿಗೆ ಉಪ್ಪು ಹಾಕಿ, ಫೋನು ಬಂತೆಂದು ಆಚೆ ಹೋದಳು. ಭಟ್ಟಿಯಪ್ಪ ಒಳಗೆ ಬಂದ, ಹಿಟ್ಟು ನೋಡಿದ, ಹುಡುಗಿ ಉಪ್ಪು ಮರೆತಳು ಎಂದುಕೊಂಡ, ಕೈಯಳತೆಯಲ್ಲಿ ಧಾರಾಳವಾಗಿ ಹಾಕಿದ. ಮಧ್ಯಾಹ್ನದೊಳಗೆ ಬೀದಿಯ ಅರ್ಧ ಜನ ಬ್ರೆಡ್ ವಾಪಸು ತಂದರು. ಉಳಿದರ್ಧ ಜನ ನೀರು ಕುಡಿಯುತ್ತ ಮನೆಯಲ್ಲೇ ಇದ್ದರು. ಮಗಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ. ರಾತ್ರಿಯ ಊಟಕ್ಕೆ ಕೂತಾಗಲೂ ಸಾರಿನ ಪಾತ್ರೆಯನ್ನು ಅವನ ಕಡೆ ತಳ್ಳಿದಳೇ ವಿನಾ ಬಾಯಿ ಬಿಡಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಮಾರನೆಯ ಬೆಳಿಗ್ಗೆ ಅವಳು ಒಂದು ನೀಲಿ ಟಬ್ಬನ್ನು ದರದರ ಎಳೆದು ತಂದು ಅವನ ಮುಂದಿಟ್ಟಳು. ತುಂಬ ಮೊಟ್ಟೆಯ ಚಿಪ್ಪು, ಹಣ್ಣಿನ ಸಿಪ್ಪೆ, ಟೀ ಚರಟ.

“ಅಪ್ಪ, ಕಸದ ಗಾಡಿ ಇನ್ಮೇಲೆ ದಿನಾ ಬರಲ್ವಂತೆ. ಇದೆಲ್ಲ ಇಲ್ಲೇ ಕೊಳೀತಾ ಕೂತ್ರೆ ಗಿರಾಕಿಗಳು ಮೂಗು ಮುಚ್ಕೊಂಡು ಬನ್ ತಗೋಬೇಕಾಗುತ್ತೆ. ಹಿತ್ತಲಲ್ಲಿ ಒಂದು ಗೊಬ್ಬರದ ರಾಶಿ ಹಾಕ್ಬೇಕು. ನೀನೇ ನೋಡ್ಕೋಬೇಕು.”

“ಅಂದ್ರೆ ನನ್ನನ್ನ ಬೇಕರಿಯಿಂದ ಎತ್ತಿ ಕಸಕ್ಕೆ ಹಾಕ್ದೆ ಅಂತಾಯ್ತು.”

“ಕಸಕ್ಕೆ ಹಾಕಿಲ್ಲಪ್ಪ. ಕಸಕ್ಕೆ ಯಜಮಾನನ್ನ ಮಾಡಿದ್ದೀನಿ.”

ಒಳಗೆ ಹೊಲಿಗೆ ಮಷಿನ್ ನಿಂತಿತು. ಭಟ್ಟಿಯಪ್ಪನ ಹೆಂಡತಿ ಹಿತ್ತಲ ಕಡೆಯ ಕಿಟಕಿಯ ಬಳಿ ಕೂತು ಪರದೆ, ದಿಂಬಿನ ಚೀಲ ಹೊಲಿಯುವವಳು. ಆಚೆ ಏನೇ ನಡೆಯಲಿ ಅವಳ ಮಷಿನ್ ನಿಲ್ಲುತ್ತಿರಲಿಲ್ಲ. ನಿಂತಿತೆಂದರೆ ಅವಳು ಮಾತಾಡಲಿದ್ದಾಳೆ ಎಂದೇ ಅರ್ಥ.

“ತಗೊಳ್ರೀ,” ಎಂದಳು. “ಅಲ್ಲಾದ್ರೆ ಉಪ್ಪು ಕೇಳೋರು ಯಾರೂ ಇಲ್ಲ.”

ಮಷಿನ್ ಮತ್ತೆ ಓಡತೊಡಗಿತು.

ಭಟ್ಟಿಯಪ್ಪ ಟಬ್ಬನ್ನು ಕಾಲಿಂದ ತಳ್ಳಿಕೊಂಡು ಹಿತ್ತಲಿಗೆ ಹೋದ. ಬಟ್ಟೆ ಒಣಹಾಕುವ ತಂತಿ, ಒಡೆದ ತೊಟ್ಟಿ, ಒಂದು ಸೀಬೆ ಮರ, ಗೋಡೆಯ ಪಕ್ಕ ಏನೂ ಬೆಳೆಯದ ಒಂದಿಷ್ಟು ಜಾಗ. ಅವನು ಅಲ್ಲಿ ನಿಂತು ಜಾಗವನ್ನು ಅಳೆಯುತ್ತಿರುವಾಗ ಗೋಡೆಯ ಆಚೆಯಿಂದ ಬಿಳಿ ಕೂದಲಿನ ಒಂದು ತಲೆ ಎದ್ದಿತು. ಪಕ್ಕದ ಮನೆಯ ಟೀಚರಮ್ಮ. ಭೂಗೋಳ ಕಲಿಸಿ ನಿವೃತ್ತರಾದವರು. ಅವರ ಹಿತ್ತಲಲ್ಲಿ ಇಂಥ ರಾಶಿ ಬಹಳ ವರ್ಷಗಳಿಂದ ಇತ್ತು.

“ಗೊಬ್ಬರ ಮಾಡ್ತೀರಂತೆ, ನಿಮ್ಮ ಮಗಳು ಹೇಳಿದ್ಲು. ಸುಲಭ. ಹಸಿ ಒಂದು ಪಾಲು, ಒಣ ಎಲೆ ಎರಡು ಪಾಲು. ಪದರ ಪದರ ಹಾಕಿ. ಹಿಂಡಿದ ಬಟ್ಟೆ ಹಾಗಿರ್ಬೇಕು, ಅಷ್ಟೇ ತೇವ. ಸೊಂಟದೆತ್ತರ ಬಂದ್ರೆ ತಾನೇ ಬಿಸಿ ಆಗುತ್ತೆ. ಬೇಯಿಸಿದ್ದು, ಬ್ರೆಡ್ಡು, ಬೆಣ್ಣೆ ಇದ್ಯಾವ್ದೂ ಬೇಡ.”

“ಟೀಚರಮ್ಮ, ಅಳತೆ ಬೆರೆಸೋದು, ಬಿಸಿ ಮಾಡೋದು ಇವೆರಡನ್ನ ಮಾತ್ರ ನನಗೆ ಹೇಳ್ಕೊಡಬೇಡಿ,” ಎಂದ ಭಟ್ಟಿಯಪ್ಪ. “ಬೇಕಾದ್ರೆ ನದಿಗಳ ಹೆಸರು ಹೇಳ್ಕೊಡಿ.”

ಟೀಚರಮ್ಮ ಗೋಡೆಯ ಆಚೆ ಇಳಿದುಹೋದರು.

ಅವರ ಮಾತಿಗೆ ಸೊಪ್ಪು ಹಾಕದಿದ್ದರೂ ರಾಶಿಗೆ ಅವನು ಸೊಪ್ಪು ಹಾಕಿದ. ಸೊಪ್ಪಿನ ಮೇಲೆ ಸಿಪ್ಪೆ, ಸಿಪ್ಪೆಯ ಮೇಲೆ ಮೊಟ್ಟೆ ಚಿಪ್ಪು. ಬದಿಗಳನ್ನು ಕರಣೆಯಿಂದ ಸವರಿ ಕೇಕಿನ ಹಾಗೆ ನುಣುಪು ಮಾಡಿದ. ಒಣ ಎಲೆಯನ್ನು ಮೇಲಕ್ಕೆ ಅಲಂಕಾರಕ್ಕಷ್ಟೇ ಉದುರಿಸಿದ. ಹಳೇ ಬ್ರೆಡ್ಡನ್ನು ಬೇಕರಿಯಿಂದ ಹೊತ್ತು ತಂದು ನಡುವೆ ತುರುಕಿದ. ಇಷ್ಟು ಮಾಡಿ ಕೂತಾಗ ಅವನಿಗೆ ಅನ್ನಿಸಿದ್ದು ಒಂದೇ: ಉಬ್ಬಬೇಕಾದರೆ ಈಸ್ಟ್ ಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಈಸ್ಟ್ ಕಲಸಿ, ಅದಕ್ಕೆ ಹಸಿವಾಗದಿರಲೆಂದು ಸಕ್ಕರೆಯನ್ನೂ ಬೆರೆಸಿ, ಬಕೆಟ್ಟಿನ ತುಂಬ ತಂದು ರಾಶಿಯ ನೆತ್ತಿಗೆ ಸುರಿದ.

ರಾಶಿ ಉಬ್ಬಿತೇನೋ ನಿಜ. ಎರಡು ದಿನದಲ್ಲಿ ಅದರಿಂದ ನೊರೆ ಬಂತು. ನೊರೆಯ ಹಿಂದೆ ವಾಸನೆ ಬಂತು. ವಾಸನೆಯ ಹಿಂದೆ ಹೆಗ್ಗಣವೊಂದು ಸಂಸಾರ ಸಮೇತ ಬಂತು.

ಹಿತ್ತಲಿಗೆ ಎದುರಾದ ಮಹಡಿಯಲ್ಲಿ ಒಬ್ಬ ವಿಮೆ ಏಜೆಂಟ್ ಇದ್ದ. ಬೇಕರಿಗೆ ಬೆಂಕಿ ವಿಮೆ ಮಾಡಿಸಿ ಎಂದು ವರ್ಷಗಳಿಂದ ಭಟ್ಟಿಯಪ್ಪನ ಬೆನ್ನು ಬಿದ್ದವನು. ಅವನ ಬಾಲ್ಕನಿಗೆ ಈ ಹಿತ್ತಲು ಪೂರಾ ಕಾಣುತ್ತಿತ್ತು. ಗಾಳಿ ಆ ಕಡೆ ಬೀಸಿದಾಗ ಅವನು ಕಟಕಟೆಗೆ ಒರಗಿ ಮೂಗು ಅರಳಿಸಿದ.

“ಭಟ್ಟಿಯಪ್ಪನೋರೇ, ಬ್ರೆಡ್ ಬಿಟ್ಟು ಭಟ್ಟಿ ಇಳಿಸೋಕೆ ಶುರು ಮಾಡಿದ್ರಾ? ಒಂದು ಲೋಟ ಈ ಕಡೆನೂ ಬರ್ಲಿ.”

ಮಾತು ಬೀದಿಯಲ್ಲಿ ಹರಡಲು ಎಷ್ಟು ಹೊತ್ತು? ಸಂಜೆ ಬನ್ನು ಕೊಳ್ಳಲು ಬಂದ ಇಬ್ಬರು ಮಗಳ ಹತ್ತಿರ, ದನಿ ತಗ್ಗಿಸಿ, “ಹಿಂದಿನ ಬಾಗಿಲಲ್ಲಿ ಸಿಗುತ್ತಾ?” ಎಂದು ಕೇಳಿದರಂತೆ. ಮಗಳು ಹಿತ್ತಲಿಗೆ ಬಂದು ರಾಶಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಹೆಗ್ಗಣವನ್ನೂ ನೋಡಿದಳು. ಮೂವರಲ್ಲಿ ನಾಚಿಕೊಂಡು ಮರೆಯಾದದ್ದು ಹೆಗ್ಗಣ ಮಾತ್ರ.

ಮಷಿನ್ ನಿಂತಿತು.

“ಟೀಚರಮ್ಮನ ಮನೆ ಬಾಗಿಲು ತೆರೆದೇ ಇದೆ,” ಎಂದಳು ಹೆಂಡತಿ.

ಮುಖ ಸಣ್ಣದು ಮಾಡಿಕೊಂಡು ಗೋಡೆಯ ಬಳಿ ನಿಲ್ಲುವುದು ಭಟ್ಟಿಯಪ್ಪನಿಗೆ ಸುಲಭವಿರಲಿಲ್ಲ. ಕೆಮ್ಮಿದ. ಗೋಡೆಯ ಆಚೆ ಗಿಡಕ್ಕೆ ನೀರು ಬೀಳುವ ಸದ್ದು. ಇನ್ನೊಮ್ಮೆ ಕೆಮ್ಮಿದ.

“ಶೀತ ಆಗಿದ್ಯಾ?” ಎಂದರು ಟೀಚರಮ್ಮ ತಲೆ ಎತ್ತದೆ.

“ಒಣ ಎಲೆ ಎಷ್ಟು ಪಾಲು ಅಂದ್ರಿ?”

“ಎರಡು ಪಾಲು. ನದಿಗಳ ಹೆಸರೂ ಬೇಕಾ?”

“ಈಗ್ಲೇ ಬೇಡ,” ಎಂದ ಭಟ್ಟಿಯಪ್ಪ. ಟೀಚರಮ್ಮ ನಕ್ಕು, ಸೀರೆಯ ಸೆರಗು ಸಿಕ್ಕಿಸಿಕೊಂಡು, ಸುತ್ತು ಬಳಸಿ ಗೇಟಿನಿಂದ ಒಳಗೆ ಬಂದರು.

ಕೇಕು ಒಡೆಯಲಾಯಿತು. ಬ್ರೆಡ್ಡನ್ನೆಲ್ಲ ಹೆಕ್ಕಿ ಗುಂಡಿ ತೋಡಿ ಹೂತರು. ಇನ್ನು ಎಲೆಯ ಕೆಲಸ. ಒಂದು ಸೀಬೆ ಮರ ಎಷ್ಟೆಂದು ಉದುರಿಸೀತು? ಭಟ್ಟಿಯಪ್ಪ ಪೊರಕೆ ಹಿಡಿದು ಬೀದಿಗೆ ಇಳಿದ. ಮರಗಳ ಕೆಳಗೆ ಬಿದ್ದ ಎಲೆಯನ್ನೆಲ್ಲ ಎಡಗೈಯಲ್ಲಿ ಗುಡಿಸಿ ಖಾಲಿ ಹಿಟ್ಟಿನ ಚೀಲಕ್ಕೆ ತುಂಬಿದ. ಬೀದಿ ಗುಡಿಸುವಾಕೆ ತನ್ನ ಕೆಲಸಕ್ಕೇ ಕುತ್ತು ಬಂತೆಂದು ಮೊದಲ ದಿನ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದಳು. ವಿಷಯ ತಿಳಿದ ಮೇಲೆ ಎರಡು ಬೀದಿಯ ಎಲೆಯನ್ನು ತಂದು ಅವನ ಗೇಟಿಗೇ ಸುರಿದು ಹೋಗತೊಡಗಿದಳು. ಅವಳಿಗೆ ಅಷ್ಟು ಹೊರೆ ಕಡಿಮೆ. ಈಗ ರಾಶಿ ಸೊಂಟದೆತ್ತರಕ್ಕೆ ಎದ್ದಿತು. ಮೂಗು ಹತ್ತಿರ ಒಯ್ದರೂ ಏನೂ ನಾತವಿಲ್ಲ. ಟೀಚರಮ್ಮ ಒಂದು ಹಿಡಿ ಹಿಂಡಿ ನೋಡಿ, “ಸರಿಯಾಗಿದೆ. ಇನ್ನು ಒಂದು ವಾರ ಅದರ ಪಾಡಿಗೆ ಬಿಡಿ” ಎಂದು ಕೈ ತೊಳೆದುಕೊಂಡು ಹೋದರು.

ಬಿಡುವುದೇ ಕಷ್ಟವಾಗಿದ್ದು.

ಬೆಳಿಗ್ಗೆ ಎದ್ದವನು ಈಗ ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ, ನೆಟ್ಟಗೆ ಹಿತ್ತಲಿಗೆ ನಡೆದ. ಮೇಲಿನ ಎಲೆ ಸರಿಸಿ ಮೊಣಕೈವರೆಗೆ ಒಳಗೆ ಕೈ ತೂರಿಸಿದ. ತಣ್ಣಗಿತ್ತು. ಕಾಫಿ ಕುಡಿದು ಬಂದು ಮತ್ತೆ ತೂರಿಸಿದ. ತಣ್ಣಗೇ ಇತ್ತು. ಊಟಕ್ಕೆ ಮುಂಚೆ ಸನಿಕೆಯಲ್ಲಿ ತಿರುವಿ ಹಾಕಿದ. ಊಟವಾದ ಮೇಲೆ, ತಿರುವಿದ್ದು ಸಾಲದೇನೋ ಎಂದು ಇನ್ನೊಮ್ಮೆ ತಿರುವಿದ. ಸಂಜೆ ಒಂದು ಕುರ್ಚಿ ತಂದು ರಾಶಿಯ ಪಕ್ಕ ಹಾಕಿಕೊಂಡ.

“ಕಾವು ಕೂತ್ಕೋಬೇಕು ಅಂದ್ರೆ ಪಕ್ಕದಲ್ಲಿ ಕೂತ್ರೆ ಆಗಲ್ಲ ಕಣ್ರೀ,” ಎಂದಳು ಹೆಂಡತಿ ಕಿಟಕಿಯಿಂದ. “ಕೋಳಿ ಮೇಲೇ ಕೂತ್ಕೊಳ್ಳೋದು.”

ಎದುರು ಬಾಲ್ಕನಿಯಿಂದ ವಿಮೆ ಏಜೆಂಟ್ ದಿನಾ ವಿಚಾರಿಸುವನು. “ಹೇಗಿದೆ ಭಟ್ಟಿಯಪ್ಪನೋರೇ ನಿಮ್ಮ ರಾಶಿ?” ಪೇಪರಿನ ಭವಿಷ್ಯ ಓದುವವನ ದನಿಯಲ್ಲಿ ಅವನೇ ಉತ್ತರವನ್ನೂ ಹೇಳುವನು. “ಈ ವಾರ ಗ್ರಹಗತಿ ಸರಿ ಇಲ್ಲ. ಬೆಂಕಿಯಿಂದ ದೂರ ಇರಿ. ವಿಮೆ ಮಾಡಿಸಿದರೆ ಶುಭ.”

ಭಟ್ಟಿಯಪ್ಪನಿಗೆ ಇದು ನಿಜವಾಗಿ ಮರ್ಯಾದೆಯ ಪ್ರಶ್ನೆಯಾಗಿತ್ತು. ಮಳೆಗಾಲದ ಹಸಿ ಸೌದೆಯಲ್ಲೂ ಒಲೆ ಹೊತ್ತಿಸಿದವನು. ಒಲೆಯ ಬಾಗಿಲಿಗೆ ಅಂಗೈ ಹಿಡಿದು ಇಷ್ಟು ಬಿಸಿ ಎಂದು ಹೇಳಬಲ್ಲವನು. ಈಗ ಒಂದು ಎಲೆಯ ಗುಡ್ಡೆ ಅವನಿಗೆ ಕ್ಯಾರೇ ಅನ್ನುತ್ತಿಲ್ಲ. ಬಿಸಿ ಇದ್ದೂ ತನ್ನ ಕೈಗೇ ತಿಳಿಯುತ್ತಿಲ್ಲವೇನೋ, ಭುಜದ ಜೊತೆ ಅಂಗೈಯೂ ಹೋಯಿತೇನೋ ಎಂಬ ಅನುಮಾನ ಒಂದು ಮಧ್ಯಾಹ್ನ ಬಂತು. ಆ ಅನುಮಾನವನ್ನು ಹೊತ್ತುಕೊಂಡು ಕೂರಲಾರದೆ ಅವನು ಮೆಲ್ಲಗೆ ಬೇಕರಿಗೆ ಹೋಗಿ, ಹಿಟ್ಟಿನ ಬಿಸಿ ನೋಡುವ ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡು ಬಂದ.

ಸ್ವಲ್ಪ ಹೊತ್ತಿಗೆ ಮಗಳು ಅದನ್ನು ಹುಡುಕುತ್ತ ಮೇಜಿನ ಕೆಳಗೆ, ಕಪಾಟಿನ ಮೇಲೆ, ಕೆಲಸದವರ ಜೇಬಿನಲ್ಲಿ ನೋಡಿ, ಕೊನೆಗೆ ಹಿತ್ತಲಿಗೆ ಬಂದಳು. ಥರ್ಮಾಮೀಟರ್ ರಾಶಿಯ ನೆತ್ತಿಯಲ್ಲಿ ನೆಟ್ಟಗೆ ನಿಂತಿತ್ತು. ಅಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

ಅವಳು ಅದನ್ನು ಕಿತ್ತುಕೊಳ್ಳಲಿಲ್ಲ. ಅವನ ಪಕ್ಕ ತಾನೂ ಕುಕ್ಕರಗಾಲಲ್ಲಿ ಕೂತಳು.

“ಎಷ್ಟು ಸಲ ತೆಗೆದು ನೋಡ್ತೀಯಪ್ಪ ದಿನಕ್ಕೆ?”

“ಹೆಚ್ಚಿಲ್ಲ. ಆಗಾಗ.”

“ನಾನು ಚಿಕ್ಕೋಳಿದ್ದಾಗ ಕೇಕ್ ಉಬ್ತಾ ಅಂತ ಒಲೆ ಬಾಗಿಲು ತೆಗೆದು ನೋಡಿದ್ದೆ. ನೆನಪಿದ್ಯಾ?”

ಭಟ್ಟಿಯಪ್ಪನಿಗೆ ನೆನಪಿತ್ತು. ಅವಳು ಅಳುವವರೆಗೆ ಬೈದಿದ್ದ. ಬಾಗಿಲು ತೆಗೆದರೆ ಕಾವು ಹೋಗುತ್ತದೆ, ಒಳಗಿರುವುದು ಕುಸಿಯುತ್ತದೆ, ನೋಡಬೇಕು ಅನ್ನಿಸಿದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೋ ಎಂದಿದ್ದ. ಒಲೆಯ ಬಳಿ ಬಂದ ಪ್ರತಿಯೊಬ್ಬ ಕೆಲಸದವನಿಗೂ ಅದನ್ನೇ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದ.

ಅವನು ಥರ್ಮಾಮೀಟರನ್ನು ಕಿತ್ತು, ಲುಂಗಿಯ ತುದಿಯಲ್ಲಿ ಒರೆಸಿ, ಅವಳ ಕೈಗೆ ಕೊಟ್ಟ.

“ಇದನ್ನ ಬಿಸಿನೀರಲ್ಲಿ ತೊಳಿ,” ಎಂದ. ಮತ್ತೆ, “ಚೆನ್ನಾಗಿ ತೊಳಿ. ಇಲ್ಲಾ ಹೊಸದು ತಗೋ” ಎಂದ.

“ಅಪ್ಪ, ನಾನೊಂದು ಮಾತು ಹೇಳ್ಲಾ? ನೀನು ಬಂದು ನೋಡ್ದಾಗ್ಲೆಲ್ಲ ನನಗೂ ಹಂಗೇ ಆಗುತ್ತೆ.”

ಅವನು ತಲೆಯಾಡಿಸಿದ. ರಾಶಿಯಿಂದ ಒಂದು ಎಲೆ ತೆಗೆದು ಇನ್ನೊಂದು ಕಡೆ ಇಟ್ಟ.

ಒಳಗೆ ಮಷಿನ್ ನಿಂತು ಎಷ್ಟೋ ಹೊತ್ತಾಗಿತ್ತು. ಹೆಂಡತಿ ಈ ಸಲ ಮಾತಾಡಲಿಲ್ಲ, ಎದ್ದೇ ಬಂದಳು. ಖಾಲಿ ಹಿಟ್ಟಿನ ಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಕೂಡಿಸಿ ದೊಡ್ಡದೊಂದು ಹೊದಿಕೆ ಹೊಲಿದು ತಂದಿದ್ದಳು. ಅದನ್ನು ರಾಶಿಗೆ ಹೊದಿಸಿ, ನಾಲ್ಕು ಮೂಲೆಗೂ ಗೂಟ ಹೊಡೆಸಿ, ಗೋಣಿ ಸೂಜಿಯಲ್ಲಿ ಅಂಚನ್ನು ಗೂಟಗಳ ಹಗ್ಗಕ್ಕೆ ಸುತ್ತಲೂ ಹೊಲಿದುಬಿಟ್ಟಳು.

“ನನ್ನ ಹೊಲಿಗೆ ನನಗೆ ಗೊತ್ತು,” ಎಂದಳು ದಾರ ಕಚ್ಚಿ ಕತ್ತರಿಸುತ್ತ. “ಬಿಚ್ಚಿ ಮತ್ತೆ ಹಾಕಿದ್ರೂ ಗೊತ್ತಾಗುತ್ತೆ. ಟೀಚರಮ್ಮ ಹೇಳಿದ ವಾರ ಇವತ್ತಿಂದ ಶುರು.”

ಆ ವಾರ ಭಟ್ಟಿಯಪ್ಪ ಪಟ್ಟ ಪಾಡು ಅಷ್ಟಿಷ್ಟಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ರಾಶಿಗೆ ಪ್ರದಕ್ಷಿಣೆ ಹಾಕಿದ. ಒಡೆದ ತೊಟ್ಟಿಗೆ ಸಿಮೆಂಟ್ ಮೆತ್ತಿದ. ಬಟ್ಟೆ ತಂತಿ ಬಿಗಿದ, ಅದು ತುಂಡಾಯಿತು, ಹೊಸದು ಕಟ್ಟಿದ. ಟೀಚರಮ್ಮನಿಂದ ಮೂರು ಖಂಡಗಳ ನದಿಗಳನ್ನೂ ಕಲಿತ. ಬೇಕರಿಗೆ ಮಾತ್ರ ಕಾಲಿಡಲಿಲ್ಲ. ಒಳಗಿನಿಂದ ಬರುವ ವಾಸನೆಯಲ್ಲೇ ಈಗ ಬನ್ನು ಇಳಿಯಿತು, ಈಗ ಬಿಸ್ಕತ್ತು ಏರಿತು ಎಂದು ತಿಳಿದುಕೊಂಡು ಅಲ್ಲೇ ಕುರ್ಚಿಯಲ್ಲಿ “ಹೂಂ” ಎನ್ನುತ್ತಿದ್ದ. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ.

ವಾರ ಮುಗಿಯುತ್ತ ಬಂದಾಗ ಚಳಿ ಇದ್ದಕ್ಕಿದ್ದಂತೆ ಬಿಗಿಯಾಯಿತು. ಒಂದು ಬೆಳಿಗ್ಗೆ ಭಟ್ಟಿಯಪ್ಪ ಬಚ್ಚಲಲ್ಲಿ ಹಲ್ಲುಜ್ಜುತ್ತಿರುವಾಗ ಹೊರಗೆ ಗಂಟೆ ಬಾರಿಸಿದಂತೆ ಸದ್ದಾಯಿತು. ಹಿಂದೆಯೇ ಗೇಟು ತಳ್ಳಿದ ಸದ್ದು, ಭಾರದ ಬೂಟುಗಳ ಸದ್ದು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಹಿತ್ತಲಿಗೆ ಓಡಿದ. ಅಲ್ಲಿ ಕೆಂಪು ಹೆಲ್ಮೆಟ್ಟಿನ ಅಗ್ನಿಶಾಮಕದವರು ಕೊಳವೆ ಬಿಚ್ಚುತ್ತಿದ್ದರು. ವಿಮೆ ಏಜೆಂಟ್ ಬಾಲ್ಕನಿಯಿಂದ ಬೆರಳು ತೋರಿಸುತ್ತ, “ಅದೇ, ಅಲ್ಲೇ, ಆ ಚೀಲದ ಕೆಳಗೆ” ಎನ್ನುತ್ತಿದ್ದ. ಚೀಲದ ಹೊಲಿಗೆಯ ಸಂದುಗಳಿಂದ ಬೆಳ್ಳಗೆ ಎಳೆ ಎಳೆಯಾಗಿ ಏಳುತ್ತಿದ್ದದ್ದು ಸೀಬೆ ಮರದ ಎತ್ತರಕ್ಕೆ ಹೋಗುತ್ತಿತ್ತು.

ಭಟ್ಟಿಯಪ್ಪ ರಾಶಿಗೂ ಕೊಳವೆಗೂ ನಡುವೆ ಹೋಗಿ ನಿಂತು ಎರಡೂ ತೋಳು ಚಾಚಿದ. ಬಲಗೈ ಭುಜಕ್ಕಿಂತ ಮೇಲೆ ಎದ್ದಿತ್ತು. ನೋವು ಅವನಿಗೆ ಮಧ್ಯಾಹ್ನದ ಮೇಲೆ ಗೊತ್ತಾದದ್ದು.

“ನೀರು ಹಾಕ್ಬೇಡಿ,” ಎಂದ ನೊರೆ ಉಗಿದು. “ಈಗ ತಾನೇ ಕಾವು ಬಂದಿದೆ.”

“ಪಕ್ಕಕ್ಕೆ ಬನ್ನಿ ಸ್ವಾಮಿ. ಹೊಗೆ ಬರ್ತಿದೆ.”

“ಅದು ಹೊಗೆ ಅಲ್ಲ. ಹಬೆ. ಮೂಸಿ ನೋಡಿ.”

ಅಗ್ನಿಶಾಮಕದ ಮುಖ್ಯಸ್ಥ ದಪ್ಪ ಮೀಸೆಯವನು. ಅನುಮಾನಿಸುತ್ತಲೇ ಬಗ್ಗಿ ಮೂಸಿದ. ಕೈಗವಸು ತೆಗೆದು ಚೀಲದ ಮೇಲೆ ಅಂಗೈ ಇಟ್ಟ. ಎತ್ತಿಕೊಂಡ, ಮತ್ತೆ ಇಟ್ಟ. ಚಳಿಗೆ ಹಿತವಾಗಿತ್ತೆಂದು ಕಾಣುತ್ತದೆ, ಇನ್ನೊಂದು ಕೈಯನ್ನೂ ಇಟ್ಟ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬಂದು ಕೈ ಕಾಯಿಸಿಕೊಂಡರು.

ಅಷ್ಟರಲ್ಲಿ ಮಗಳು ಬೇಕರಿಯ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಎತ್ತಿಕೊಂಡು, ಕೆಲಸದವರು ಬಕೆಟ್ ಹಿಡಿದು, ಗಿರಾಕಿಗಳು ಬರಿಗೈಯಲ್ಲಿ, ಎಲ್ಲರೂ ಹಿತ್ತಲಿಗೆ ನುಗ್ಗಿದ್ದರು. ಟೀಚರಮ್ಮ ಗೋಡೆಯ ಮೇಲಿಂದ, “ಯಾರೂ ತುಳೀಬೇಡಿ, ಯಾರೂ ತುಳೀಬೇಡಿ” ಎಂದು ತರಗತಿ ನಡೆಸುತ್ತಿದ್ದರು. ಮುಖ್ಯಸ್ಥ ಭಟ್ಟಿಯಪ್ಪನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

“ನಮ್ಮ ಮನೇಲೂ ನಮ್ಮೋಳು ಒಂದು ಹಾಕಿದ್ದಾಳೆ. ಬಿಸೀನೇ ಆಗಲ್ಲ. ನೀವೇನು ಹಾಕ್ತೀರಿ?”

“ಹಾಕೋದಲ್ಲ ಮುಖ್ಯ,” ಎಂದ ಭಟ್ಟಿಯಪ್ಪ. “ಅವರು ದಿನಾ ತೆಗೆದು ನೋಡ್ತಾರಾ?”

“ಅವಳಲ್ಲ,” ಎಂದ ಮುಖ್ಯಸ್ಥ ಮೀಸೆ ಸವರಿಕೊಳ್ಳುತ್ತ. “ನಾನು.”

ಅವನಿಗೆ ವಿವರಿಸಬೇಕೆಂದು ಬಾಯಿ ತೆರೆದ ಭಟ್ಟಿಯಪ್ಪನ ಮೂಗಿಗೆ ಏನೋ ಸುಟ್ಟ ವಾಸನೆ ಬಡಿಯಿತು. ಬೇಕರಿಯವರೆಲ್ಲ ಹಿತ್ತಲಲ್ಲಿದ್ದರು. ಒಲೆಯ ಮುಂದೆ ನರಪಿಳ್ಳೆಯೂ ಇರಲಿಲ್ಲ. ಅವನ ಕಾಲು ಎರಡು ಹೆಜ್ಜೆ ಬೇಕರಿಯ ಕಡೆ ಓಡಿಯೂಬಿಟ್ಟಿತು. ಆದರೆ ಅವನು ಬಾಗಿಲ ಬಳಿ ನಿಂತ. ಹಿಂದೆ ತಿರುಗಿ, “ಮಗಳೇ, ನಿನ್ನ ಒಲೆ” ಎಂದ. ಅಷ್ಟೇ ಅಂದ.

ಅವಳು ಸಿಲಿಂಡರ್ ಅಲ್ಲೇ ಬಿಟ್ಟು ಒಳಗೆ ಓಡಿದಳು. ಅವನು ಹೊಸ್ತಿಲಲ್ಲೇ ನಿಂತು ತಟ್ಟೆಗಳ ಸದ್ದು ಕೇಳಿಸಿಕೊಂಡ. ಮೇಲಿನ ತಟ್ಟೆ ಪೂರಾ ಹೋಯಿತು, ಕೆಳಗಿನ ಎರಡು ಉಳಿದವು ಎಂದು ಸದ್ದಿನಲ್ಲೇ ತಿಳಿಯಿತು. ಸ್ವಲ್ಪ ಹೊತ್ತಿಗೆ ಅವಳು ಇದ್ದಿಲಾದ ಬನ್ನುಗಳ ತಟ್ಟೆ ಹಿಡಿದು ಬಂದು, “ಇದನ್ನ ರಾಶಿಗೆ ಹಾಕ್ಲಾ?” ಎಂದಳು.

“ಬ್ರೆಡ್ಡು, ಬನ್ನು ಹಾಕೋ ಹಾಗಿಲ್ಲ,” ಎಂದ ಭಟ್ಟಿಯಪ್ಪ ಗಂಭೀರವಾಗಿ. “ಇಲ್ಲಿ ಒಂದು ಕ್ರಮ ಇದೆ.”

ಅವಳಿಗೆ ನಗು ಬಂತು. ಹಲ್ಲು ಕಚ್ಚದೆ ನಕ್ಕಳು. ಉಳಿದ ಎರಡು ತಟ್ಟೆ ಬನ್ನನ್ನು ಅಗ್ನಿಶಾಮಕದವರು ರಾಶಿಯ ಸುತ್ತ ನಿಂತು ತಿಂದು ಹೋದರು. ವಿಮೆ ಏಜೆಂಟಿಗೂ ಒಂದನ್ನು ಟೀಚರಮ್ಮನೇ ಬಾಲ್ಕನಿಗೆ ಎಸೆದರು. ಅವನು ಹಿಡಿಯಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ರಾಶಿ ಕುಗ್ಗಿ ಮೊಣಕಾಲೆತ್ತರಕ್ಕೆ ಇಳಿದಿತ್ತು. ಅದರಲ್ಲಿ ಎಲೆ ಯಾವುದು, ಸಿಪ್ಪೆ ಯಾವುದು ಎಂದು ಹೆತ್ತವರಿಗೂ ಗುರುತು ಸಿಗುತ್ತಿರಲಿಲ್ಲ. ಕಾಫಿಪುಡಿಯ ಬಣ್ಣ, ಬೆರಳ ಸಂದಿನಿಂದ ಉದುರುವ ಹದ. ಏನೂ ಬೆಳೆಯದ ಆ ಜಾಗಕ್ಕೆ ಅದನ್ನು ಹರಡಿ ಹೆಂಡತಿ ಬದನೆ, ಬೀನ್ಸ್ ಹಾಕಿದಳು. ಆದರೆ ಯಾರೂ ಹಾಕದ ಕುಂಬಳ ಬಳ್ಳಿಯೊಂದು ರಾಶಿ ಇದ್ದ ಜಾಗದಿಂದ ತಾನಾಗಿ ಎದ್ದು, ಯಾರನ್ನೂ ಕೇಳದೆ ಗೋಡೆ ಹತ್ತಿ, ಟೀಚರಮ್ಮನ ಕಡೆಗೆ ಇಳಿದು, ಅಲ್ಲಿ ಒಂದು ದೊಡ್ಡ ಕಾಯಿ ಬಿಟ್ಟಿತು.

“ಬೇರು ನಮ್ಮದು,” ಎಂದ ಭಟ್ಟಿಯಪ್ಪ ಗೋಡೆಯ ಈಚೆಯಿಂದ.

“ಕಾಯಿ ನನ್ನ ಗಡಿಯೊಳಗಿದೆ,” ಎಂದರು ಭೂಗೋಳದ ಟೀಚರಮ್ಮ ಆಚೆಯಿಂದ.

ಜಗಳ ವಾರಗಟ್ಟಲೆ ಸುಖವಾಗಿ ನಡೆಯಿತು. ಕಾಯಿ ಬಲಿತ ಮೇಲೆ ಟೀಚರಮ್ಮನೇ ಅದನ್ನು ಕೊಯ್ದು, ಸರಿಯಾಗಿ ಎರಡು ಹೋಳು ಮಾಡಿ, ಒಂದನ್ನು ಗೋಡೆಯ ಮೇಲಿಟ್ಟರು. ಮಗಳು ಅದನ್ನು ಬೇಯಿಸಿ ಕಿವುಚಿ, ಕುಂಬಳಕಾಯಿ ಬ್ರೆಡ್ ಮಾಡುತ್ತೇನೆಂದು ಹಿಟ್ಟಿಗೆ ಸುರಿದುಕೊಂಡಳು. ಹತ್ತು ನಿಮಿಷಕ್ಕೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದು ನಿಂತಳು. ಭಟ್ಟಿಯಪ್ಪ ಹೊಸ ರಾಶಿಗೆ ಎಲೆ ಹಾಸುತ್ತಿದ್ದ.

“ಅಪ್ಪ, ಇದು ನೀರು ಬಿಡ್ತಾನೇ ಇದೆ. ಹಿಟ್ಟು ಇನ್ನೆಷ್ಟು ಹಾಕ್ಲಿ?”

ಅವನು ಸೊಂಟ ನೆಟ್ಟಗೆ ಮಾಡಿ ಯೋಚಿಸಿದ.

“ನನಗೂ ಗೊತ್ತಿಲ್ಲ. ನಾನು ಯಾವತ್ತೂ ಕುಂಬಳಕಾಯಿ ಹಾಕಿಲ್ಲ.”

“ಹಾಗಾದ್ರೆ ಬಾ, ನೋಡೋಣ,” ಎಂದಳು ಮಗಳು. “ಸೋಪು ಹಾಕಿ ಕೈ ತೊಳ್ಕೊಂಡು ಬಾ.”

ಒಳಗೆ ಹೊಲಿಗೆ ಮಷಿನ್ ಓಡುತ್ತಲೇ ಇತ್ತು. ಭಟ್ಟಿಯಪ್ಪ ನಲ್ಲಿಯ ಕೆಳಗೆ ಕೈ ಹಿಡಿದು, ಉಗುರಿನ ಸಂದುಗಳನ್ನೂ ಬಿಡದೆ, ಬಹಳ ಹೊತ್ತು ಉಜ್ಜಿ ತೊಳೆದ.